ಕೊನೆಯ ಐದು ನಿಮಿಷಕ್ಕೆ ಕೆಡುವ ಕ್ರೈಂ ಸೀರಿಯಲ್‌ಗಳು: ನನ್ನ ತಕರಾರು ಇದು, ನಿಮ್ಮದೇನು?

ಗಾಂಧಿಬಜಾರ್ ಗಿರಾಕಿ (ಚರ್ಚೆ ಶುರು ಮಾಡಿದವರು)

ಮೊದಲೇ ಹೇಳಿಬಿಡುತ್ತೇನೆ. ನಾನು ಪೊಲೀಸೂ ಅಲ್ಲ, ವಕೀಲನೂ ಅಲ್ಲ. ಬರೀ ನೋಡುಗ. 1985ರಲ್ಲಿ ದೂರದರ್ಶನದಲ್ಲಿ ‘ಕರಮ್‌ಚಂದ್’ ಬರುತ್ತಿದ್ದಾಗ ಪಕ್ಕದ ಮನೆಯ ಕಿಟಕಿ ಸರಳು ಹಿಡಿದುಕೊಂಡು ನೋಡಿದವನು. ಹಿಂದಿ ಅರ್ಧವೂ ಅರ್ಥ ಆಗುತ್ತಿರಲಿಲ್ಲ. ಪಂಕಜ್ ಕಪೂರ್ ಕ್ಯಾರೆಟ್ ಕಡಿಯುತ್ತಾ ಏನೋ ಯೋಚನೆ ಮಾಡುತ್ತಿದ್ದಾರೆ ಅನ್ನೋದು ಗೊತ್ತಾಗುತ್ತಿತ್ತು, ಅಷ್ಟು ಸಾಕಿತ್ತು. ಆಮೇಲೆ 1993ರಲ್ಲಿ ರಜಿತ್ ಕಪೂರ್ ಅವರ ‘ಬ್ಯೋಮಕೇಶ್ ಬಕ್ಷಿ’. 1998ರ ಜನವರಿಯಿಂದ ‘ಸಿಐಡಿ’. ಅದು 2018ರ ಅಕ್ಟೋಬರ್‌ನಲ್ಲಿ ನಿಂತಾಗ 1547 ಎಪಿಸೋಡ್ ಆಗಿತ್ತು. ಎಲ್ಲ ನೋಡಿಲ್ಲ. ಆದರೆ ಎಷ್ಟು ನೋಡಿದ್ದೇನೆ ಅಂತ ಮನೆಯಲ್ಲಿ ಹೇಳೋಕೆ ನಾಚಿಕೆ.

ನನ್ನ ತಕರಾರು ಏನಂದ್ರೆ, ಇವರು ಮೂವತ್ತೈದು ನಿಮಿಷ ಚೆನ್ನಾಗಿಯೇ ಹುಡುಕುತ್ತಾರೆ. ಹೆಣದ ಉಗುರಲ್ಲಿ ಸಿಕ್ಕ ದಾರ, ಹರಿದ ಬಸ್ ಟಿಕೆಟ್, ಯಾವುದೋ ಅಂಗಡಿಯ ಬಿಲ್ಲು. ನಾವೂ ಜೊತೆಗೇ ಹುಡುಕುತ್ತೇವೆ. ಆಮೇಲೆ ಎಲ್ಲರನ್ನೂ ಒಂದು ಕೋಣೆಗೆ ಸೇರಿಸುತ್ತಾರೆ. ಕೆನ್ನೆಗೆ ಒಂದು ಬೀಳುತ್ತೆ. ‘ಹೌದು, ನಾನೇ ಕೊಂದೆ!’ ಅಂತ ಅವನೇ ಕೂತು ಕಥೆ ಪೂರ್ತಿ ಹೇಳುತ್ತಾನೆ, ಫ್ಲ್ಯಾಶ್‌ಬ್ಯಾಕ್ ಸಮೇತ. ಹಾಗಾದ್ರೆ ಆ ದಾರ, ಆ ಟಿಕೆಟ್ಟು ಯಾಕೆ ಬೇಕಿತ್ತು? ಶುರುವಿನಲ್ಲೇ ಎಲ್ಲರಿಗೂ ಒಂದೊಂದು ಕೊಟ್ಟಿದ್ದರೆ ಆಗುತ್ತಿತ್ತಲ್ವಾ?

ಎರಡನೇದು, ಸತ್ತವರು. ಮೂರನೇ ನಿಮಿಷಕ್ಕೆ ಹೆಣ ಸಿಗುತ್ತೆ. ಅಲ್ಲಿಂದಾಚೆ ಆ ಮನುಷ್ಯ ಯಾರು, ಏನು ತಿನ್ನುತ್ತಿದ್ದ, ಯಾರ ಹತ್ತಿರ ಜಗಳ ಆಡುತ್ತಿದ್ದ, ಒಂದೂ ಇಲ್ಲ. ಮೊನ್ನೆ ಭಾನುವಾರ ಸುಮ್ನೆ ಕೂತು ಮೂರು ಎಪಿಸೋಡ್ ನೋಡಿದೆ. ಮೂರರಲ್ಲೂ ಸತ್ತವರ ತಾಯಿ ಒಂದೇ ಸೀನಿಗೆ ಬಂದು ಅತ್ತು ಹೋದರು. ಅಳು ಮುಗಿಯೋ ಮುಂಚೆ ಜಾಹೀರಾತು.

ಒಳ್ಳೇದೂ ಇದೆ. ಇಲ್ಲದಿದ್ದರೆ ಯಾಕೆ ನೋಡುತ್ತೇನೆ? ಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತವರ ಕೈ ತಾನಾಗಿ ನಿಂತುಬಿಡುತ್ತೆ ನೋಡಿ, ಆ ಶಕ್ತಿ ಬೇರೆ ಯಾವ ಸೀರಿಯಲ್‌ಗೂ ಇಲ್ಲ. ನೀವೇನಂತೀರಿ?

ಕಟಪಾಡಿ ಕಡಲು

ಸಿಐಡಿಯಲ್ಲಿ ದಯಾ ಬಾಗಿಲು ಒಡೆಯೋದರ ಬಗ್ಗೆ ಒಂದು ಮಾತೂ ಬರೆದಿಲ್ಲವಲ್ಲ ಮಾರಾಯ್ರೆ! ದಯಾ ನಮ್ಮ ಕಟಪಾಡಿಯವರು. ದಯಾನಂದ ಶೆಟ್ಟಿ. ನಟನೆಗೆ ಬರುವ ಮುಂಚೆ ಡಿಸ್ಕಸ್ ಎಸೆಯುತ್ತಿದ್ದವರು. ಆ ತೋಳು ಸುಮ್ನೆ ಬಂದದ್ದಲ್ಲ. ಇನ್ನು ನೀವು ಚರ್ಚೆ ಮುಂದುವರಿಸಿ.

ಸಂಜೆ ಸೀರಿಯಲ್

ಗಿರಾಕಿ ಸರ್, ನಮ್ಮನೆ ಕಥೆ ಬೇರೆ. ನಮ್ಮತ್ತೆಗೆ ಕಥೆ ಕಟ್ಟಿದ ಸೀರಿಯಲ್ ಬೇಡ. ನಿಜವಾಗಿ ನಡೆದದ್ದನ್ನ ತೋರಿಸ್ತಾರಲ್ಲ, ‘ಕ್ರೈಂ ಪೆಟ್ರೋಲ್’ ಥರದ್ದು, ಅದೇ ಬೇಕು. ಮೊದಲು ಕನ್ನಡದಲ್ಲಿ ರವಿ ಬೆಳಗೆರೆಯವರ ‘ಕ್ರೈಂ ಡೈರಿ’ ಬರುತ್ತಿದ್ದಾಗ ಲೈಟ್ ಆರಿಸಿಕೊಂಡು ನೋಡುತ್ತಿದ್ದರಂತೆ. ಆ ದನಿ ಕೇಳಿದರೇ ಬೆನ್ನಲ್ಲಿ ಚಳಿ ಅಂತಾರೆ ಈಗಲೂ.

ಒಳ್ಳೇದು ಏನಂದ್ರೆ ಅತ್ತೆ ಹುಷಾರಾಗಿದ್ದಾರೆ. ಬ್ಯಾಂಕಿನಿಂದ ಅಂತ ಫೋನ್ ಬಂದರೆ ಓಟಿಪಿ ಹೇಳಲ್ಲ. ‘ನಿಮ್ಮ ಮ್ಯಾನೇಜರ್ ಹೆಸರು ಹೇಳಪ್ಪ’ ಅಂತ ಅವನನ್ನೇ ವಿಚಾರಣೆ ಮಾಡ್ತಾರೆ. ಕೆಟ್ಟದ್ದು ಏನಂದ್ರೆ ಸಿಲಿಂಡರ್ ತರುವ ಹುಡುಗನ ಮೇಲೂ ಅನುಮಾನ, ಪಾತ್ರೆ ತೊಳೆಯುವ ಸರೋಜಮ್ಮನ ಮೇಲೂ ಅನುಮಾನ. ಹನ್ನೊಂದು ವರ್ಷದಿಂದ ಬರ್ತಿರೋ ಹೆಂಗಸು ಅವರು. ಒಂದು ದಿನ ಅತ್ತೆಯ ಓಲೆ ಕಾಣಲಿಲ್ಲ. ಪೂರ್ತಿ ಅರ್ಧ ದಿನ ಸರೋಜಮ್ಮನ ಚೀಲವನ್ನೇ ನೋಡ್ತಾ ಕೂತಿದ್ದರು. ಓಲೆ ಕನ್ನಡಕದ ಡಬ್ಬಿಯಲ್ಲೇ ಇತ್ತು. ಈ ಕಾರ್ಯಕ್ರಮಗಳಲ್ಲಿ ಮನೆಕೆಲಸದವರು, ಡ್ರೈವರ್, ವಾಚ್‌ಮನ್ ಯಾವಾಗಲೂ ಮೊದಲ ಸಾಲಿನಲ್ಲಿ ಅನುಮಾನಕ್ಕೆ ನಿಲ್ಲೋದು ನನಗಂತೂ ಹಿಡಿಸಲ್ಲ.

ವಕಾಲತ್ತು

ತಪ್ಪೊಪ್ಪಿಗೆಯ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಪೊಲೀಸರ ಮುಂದೆ ‘ನಾನೇ ಕೊಂದೆ’ ಅಂದರೆ ಕೋರ್ಟಿನಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 25ನೇ ಕಲಂ ಇತ್ತು. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 23ನೇ ಕಲಮಿನಲ್ಲಿದೆ. ಆರೋಪಿ ‘ಮಚ್ಚನ್ನ ಇಂಥ ಮೋರಿ ಕೆಳಗೆ ಇಟ್ಟಿದ್ದೇನೆ’ ಅಂದು, ಅಲ್ಲಿ ನಿಜವಾಗಿ ಮಚ್ಚು ಸಿಕ್ಕರೆ, ಸಿಕ್ಕಿದ್ದಕ್ಕೆ ಸಂಬಂಧಪಟ್ಟಷ್ಟು ಮಾತು ಮಾತ್ರ ಲೆಕ್ಕಕ್ಕೆ. ಹಾಗಾಗಿ ಸೀರಿಯಲ್ ಎಲ್ಲಿ ಮುಗಿಯುತ್ತೋ ಅಲ್ಲಿಂದ ನಮ್ಮ ಕೆಲಸ ಶುರು. ಆ ಕೆನ್ನೆ ಏಟಂತೂ ಡಿಫೆನ್ಸ್ ವಕೀಲರಿಗೆ ಹಬ್ಬದೂಟ.

ನಾರ್ಕೋ ಟೆಸ್ಟೂ ಹಾಗೇ. ಇಂಜೆಕ್ಷನ್ ಕೊಟ್ಟು ‘ಹೇಳು’ ಅಂದರೆ ಹೇಳಿಬಿಡ್ತಾನೆ ಅಂತ ತೋರಿಸ್ತಾರೆ. 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ಲದೆ ನಾರ್ಕೋ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಮೂರನ್ನೂ ಮಾಡುವಂತಿಲ್ಲ ಅಂತ ಹೇಳಿತು. ಆ ಪ್ರಕರಣದ ಹೆಸರೇ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’. ನಮ್ಮ ರಾಜ್ಯದ ಹೆಸರು ಹೊತ್ತ ತೀರ್ಪು, ನಮ್ಮ ಬರಹಗಾರರಿಗೇ ಗೊತ್ತಿಲ್ಲದಂತೆ ಕಾಣುತ್ತೆ.

ಕೋರ್ಟ್ ಸೀನ್ ಅಂದರೆ ನನಗೆ ಈಗಲೂ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳೇ. ವಕೀಲ ಸಾಕ್ಷಿಯನ್ನು ಮಾತಿನಲ್ಲೇ ಮೆಲ್ಲಗೆ ಮೂಲೆಗೆ ತರೋದನ್ನ ಅಲ್ಲಿ ಕೂತು ನೋಡಬಹುದಿತ್ತು. ಅಲ್ಲಿ ಮೇಜು ಕುಟ್ಟುವವರು ಕಡಿಮೆ.

ಹುಬ್ಬಳ್ಳಿ ಮಿರ್ಚಿ

ವಕೀಲ್ರ, ಅಷ್ಟೆಲ್ಲಾ ಕರೆಕ್ಟ್ ತೋರಿಸಿದ್ರ ಯಾರ್ ನೋಡ್ತಾರ‍್ರೀ? ಒಂದು ಕೇಸಿಗೆ ಹದಿನೈದು ವರ್ಷ ಅಡ್ಜರ್ನಮೆಂಟ್ ತೋರಿಸಾಕ್ ಆಗತ್ತೇನು? ದಿನಾ ಡ್ಯೂಟಿ ಮುಗಿಸಿ ಬಂದ ಮನ್ಷಾಗ ರಾತ್ರಿ ಒಂದಾದ್ರೂ ನ್ಯಾಯ ಸಿಗ್ಲಿ ಬಿಡ್ರಿ, ಟಿವಿ ಒಳಗರ. ಆ ಕಪಾಳಕ್ಕೆ ಬೀಳೋ ಏಟು ನೋಡಿದ್ರ ನಮ್ಮ ಅಪ್ಪಗ ಊಟ ಸೇರ್ತಿತ್ತು.

ಗಾಂಧಿಬಜಾರ್ ಗಿರಾಕಿ

ಮಿರ್ಚಿ ಅಣ್ಣ, ನಿಮ್ಮ ಮಾತು ತೆಗೆದುಹಾಕೋ ಹಾಗಿಲ್ಲ. ನನಗೂ ಆ ಏಟು ಬಿದ್ದಾಗ ಒಳಗೆ ಖುಷಿ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ಎರಡು ವರ್ಷದ ಹಿಂದೆ ನನ್ನ ಫೋನ್ ಕಳುವಾಯ್ತು. ಠಾಣೆಗೆ ಹೋದರೆ ಒಬ್ಬರು ‘ಕಳುವು ಅಂತ ಬರೀಬೇಡಿ, ಬಿದ್ದುಹೋಯ್ತು ಅಂತ ಬರೀರಿ’ ಅಂದರು. ನಾನು ಇಪ್ಪತ್ತು ವರ್ಷ ಸಿಐಡಿ ನೋಡಿದವನು, ‘ಟವರ್ ಲೊಕೇಶನ್ ತೆಗೀರಿ ಸರ್’ ಅಂದೆ. ಅವರು ನನ್ನನ್ನ ನೋಡಿದ ನೋಟ ಮರೆಯೋಕಾಗಲ್ಲ. ಹಾಗಾಗಿ ಟಿವಿಯ ನ್ಯಾಯ ಅನ್ನೋದು ನಮ್ಮನ್ನ ಎರಡು ಸಲ ಮೋಸ ಮಾಡುತ್ತೆ, ಒಮ್ಮೆ ಟಿವಿ ಮುಂದೆ, ಇನ್ನೊಮ್ಮೆ ಠಾಣೆಯಲ್ಲಿ.

ಯಾರ್ಕ್‌ಷೈರ್ ಕನ್ನಡತಿ

ಲೀಡ್ಸ್‌ನಿಂದ ನಮಸ್ಕಾರ. ನಾನಿರುವ ಕಡೆಯ ಸೀರಿಯಲ್ ಒಂದನ್ನ ಹೇಳಲೇಬೇಕು. ‘ಹ್ಯಾಪಿ ವ್ಯಾಲಿ’. ಬಿಬಿಸಿಯಲ್ಲಿ 2014ರಿಂದ 2023ರವರೆಗೆ, ಮೂರು ಸೀಸನ್ ಸೇರಿ ಹದಿನೆಂಟೇ ಎಪಿಸೋಡ್. ನಮ್ಮ ಮನೆಯಿಂದ ರೈಲಲ್ಲಿ ಒಂದು ಗಂಟೆಯೊಳಗೆ ಆ ಕಣಿವೆ ಸಿಗುತ್ತೆ. ಅದೇ ಮಳೆ, ಅದೇ ಕಪ್ಪು ಕಲ್ಲಿನ ಮನೆಗಳ ಸಾಲು.

ನಾಯಕಿ ಪತ್ತೇದಾರಿಣಿ ಅಲ್ಲ. ಯೂನಿಫಾರ್ಮ್ ಹಾಕಿ ಬೀದಿ ಸುತ್ತುವ ಸಾರ್ಜೆಂಟ್. ಐವತ್ತರ ಹತ್ತಿರದ ಹೆಂಗಸು, ಮಗಳನ್ನ ಕಳಕೊಂಡಿದ್ದಾಳೆ, ಮೊಮ್ಮಗನನ್ನ ಸಾಕುತ್ತಿದ್ದಾಳೆ. ಮೊದಲ ಸೀನ್‌ನಲ್ಲೇ ಒಬ್ಬ ಹುಡುಗ ಮೈಮೇಲೆ ಪೆಟ್ರೋಲ್ ಸುರಿದುಕೊಂಡು ಮಕ್ಕಳ ಆಟದ ಜಾಗದಲ್ಲಿ ಕೂತಿರುತ್ತಾನೆ. ಇವಳು ಬೆಂಕಿ ಆರಿಸುವ ಸಿಲಿಂಡರ್ ಹಿಡಕೊಂಡು ಹೋಗಿ ತನ್ನ ಮನೆ ಕಷ್ಟ ಹೇಳೋಕೆ ಶುರು ಮಾಡ್ತಾಳೆ. ಭಾಷಣ ಇಲ್ಲ. ಪಕ್ಕದ ಮನೆಯವರ ಹತ್ತಿರ ಹೇಳಿದ ಹಾಗೆ. ನಾನು ಅಲ್ಲೇ ಸೋತೆ.

ಗಿರಾಕಿಯವರೇ, ನೀವು ಕೇಳಿದ ‘ಸತ್ತವರು ಎಲ್ಲಿ’ ಅನ್ನೋದಕ್ಕೆ ಇದೇ ಉತ್ತರ. ಆ ಮಗಳು ಒಂದು ದಿನವೂ ಕಥೆಯಿಂದ ಆಚೆ ಹೋಗಲ್ಲ. ಎರಡನೇ ಸೀಸನ್ 2016ರಲ್ಲಿ ಮುಗಿದ ಮೇಲೆ ಏಳು ವರ್ಷ ಬಿಟ್ಟು ಮೂರನೇದು ಬಂತು. ಮೊಮ್ಮಗನಾಗಿ ಮಾಡಿದ ಹುಡುಗ ನಿಜವಾಗಿ ಬೆಳೆದು ದೊಡ್ಡವನಾಗಲಿ ಅಂತ ಬರೆದಾಕೆ ಕಾದರು. ನಮ್ಮ ಚಾನೆಲ್‌ಗಳಾಗಿದ್ದರೆ ಒಂದು ‘ಹತ್ತು ವರ್ಷಗಳ ನಂತರ’ ಹಾಕಿ ಬೇರೆ ಹುಡುಗನ್ನ ತಂದುಬಿಡ್ತಿದ್ದರು, ಹೌದಲ್ವಾ?

ಇಲ್ಲೂ ಬೋಗಸ್ ಬೇಕಾದಷ್ಟಿದೆ. ‘ಮಿಡ್‌ಸಮರ್ ಮರ್ಡರ್ಸ್’ 1997ರಿಂದ ನಡೀತಿದೆ. ಹೂವಿನ ತೋಟ, ಚರ್ಚು, ಟೀ, ವಾರಕ್ಕೆ ಎರಡು ಮೂರು ಹೆಣ. ಅಷ್ಟು ಚಿಕ್ಕ ಚಿಕ್ಕ ಹಳ್ಳಿಗಳಲ್ಲಿ ಇನ್ನೂ ಜನ ಹೇಗೆ ಉಳಿದಿದ್ದಾರೋ. ಮನೆ ಬಾಡಿಗೆ ಅಗ್ಗ ಇರಬೇಕು. ‘ಬ್ರಾಡ್‌ಚರ್ಚ್’ ಮೊದಲ ಸೀಸನ್ ಎದೆ ಹಿಂಡಿತ್ತು. ಎರಡನೇದರಲ್ಲಿ ಕೋರ್ಟಿಗೆ ಹೋದರು ನೋಡಿ, ಇಲ್ಲಿನ ವಕೀಲರೆಲ್ಲ ತಪ್ಪು ಎಣಿಸುತ್ತಾ ಕೂತರು.

ಎಪಿಸೋಡ್ ಕೂಲಿ

ಕನ್ನಡತಿ ಮೇಡಂ, ಹದಿನೆಂಟು ಎಪಿಸೋಡಿಗೆ ಒಂಬತ್ತು ವರ್ಷ! ಓದಿ ಕಣ್ಣು ತುಂಬಿ ಬಂತು. ನಾನು ಒಂದು ಚಾನೆಲ್‌ಗೆ (ಹೆಸರು ಬೇಡ, ಇನ್ನೂ ಪೇಮೆಂಟ್ ಬಾಕಿ ಇದೆ) ಕ್ರೈಂ ಎಪಿಸೋಡ್ ಬರೆಯುತ್ತಿದ್ದೆ. ಸೋಮವಾರ ಒನ್‌ಲೈನ್ ಓಕೆ ಆದರೆ ಗುರುವಾರ ಶೂಟಿಂಗ್. ಲೊಕೇಶನ್ ಅಂದರೆ ಒಂದು ಬಂಗಲೆ, ಅದರ ಹಿಂದಿನ ತೋಟ, ಅದೇ ಬಂಗಲೆಯ ಗ್ಯಾರೇಜೇ ಪೊಲೀಸ್ ಠಾಣೆ.

ತಪ್ಪೊಪ್ಪಿಗೆ ಯಾಕೆ ಬರುತ್ತೆ ಅಂತ ಕೇಳಿದಿರಿ. ಸಾಕ್ಷ್ಯದಿಂದ ಕೇಸು ಬಿಡಿಸಬೇಕಂದ್ರೆ ಆ ಸಾಕ್ಷ್ಯವನ್ನ ಮೊದಲೇ ಮೂರು ಸೀನ್‌ನಲ್ಲಿ ಜೋಡಿಸಿಟ್ಟಿರಬೇಕು. ಅದಕ್ಕೆ ಮೂರು ಲೊಕೇಶನ್, ಮೂರು ಜನ ಆರ್ಟಿಸ್ಟ್ ಬೇಕು. ತಪ್ಪೊಪ್ಪಿಗೆಗೆ ಒಂದು ಕುರ್ಚಿ ಸಾಕು. ಒಂದು ಸಲ ನಾನು ಕೊಲೆಗಾರ ಬಾಯಿ ಬಿಡದ ಹಾಗೆ ಬರೆದೆ. ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಅವನು ಸುಮ್ಮನೆ ನಗುತ್ತಾನೆ, ಕಟ್. ಅಲ್ಲಿದ್ದವರು ಸ್ಕ್ರಿಪ್ಟ್ ವಾಪಸ್ ಕೊಟ್ಟು ‘ಕ್ಲೋಶರ್ ಇಲ್ಲ ಸಾರ್’ ಅಂದರು. ಅವನ ಬಾಯಲ್ಲಿ ಎರಡು ಪುಟ ಹಾಕಿಕೊಟ್ಟೆ. ಬಾಡಿಗೆ ಕಟ್ಟಬೇಕಿತ್ತು.

ಅಂದಹಾಗೆ ಸಿಐಡಿಯವರನ್ನ ಬರೀ ನಗಬೇಡಿ. 2004ರಲ್ಲಿ 111 ನಿಮಿಷದ ಎಪಿಸೋಡನ್ನ ಒಂದೇ ಶಾಟ್‌ನಲ್ಲಿ ತೆಗೆದವರು ಅವರು. ನಡುವೆ ಒಬ್ಬ ಸೀನಿದ್ದರೂ ಮತ್ತೆ ಮೊದಲಿಂದ. ಅದನ್ನ ಮಾಡೋಕೆ ಗುಂಡಿಗೆ ಬೇಕು.

ಇನ್ನೊಂದು ದಾರಿ ಇದೆ, ಅದು ನನಗೆ ತುಂಬ ಇಷ್ಟ. ಕೊಲೆಗಾರ ಯಾರು ಅಂತ ಮೊದಲೇ ತೋರಿಸಿಬಿಡೋದು. ಅಮೆರಿಕದ ‘ಕೊಲಂಬೊ’ 1971ರಿಂದಲೇ ಹಾಗೆ ಮಾಡಿತು. ಮಾಸಿದ ರೇನ್‌ಕೋಟ್ ಹಾಕಿದ ಪೀಟರ್ ಫಾಕ್, ಎದುರಿಗೆ ಒಬ್ಬ ದೊಡ್ಡ ಶ್ರೀಮಂತ. ಶ್ರೀಮಂತನಿಗೆ ಇವನನ್ನ ಕಂಡರೆ ತಾತ್ಸಾರ. ಇವನು ಹೊರಟು ಬಾಗಿಲ ತನಕ ಹೋಗಿ, ಇನ್ನೊಂದೇ ಒಂದು ಪ್ರಶ್ನೆ ಅಂತ ತಿರುಗುತ್ತಾನೆ. ಯಾರು ಅನ್ನೋ ಕುತೂಹಲವೇ ಇಲ್ಲ, ಆದರೂ ಕುರ್ಚಿ ತುದಿಗೆ ಬಂದು ಕೂರ್ತೀವಿ.

ವಕಾಲತ್ತು

ಕೊಲಂಬೊ ಹಿಡಿದವರಲ್ಲಿ ಅರ್ಧ ಜನ ನನ್ನ ಹತ್ತಿರ ಬಂದಿದ್ದರೆ ಮೊದಲ ವಾರವೇ ಬೇಲ್ ಮಾಡಿಸಿ ಕಳಿಸುತ್ತಿದ್ದೆ. ಆದರೂ ನೋಡ್ತೀನಿ.

ಕಟಪಾಡಿ ಕಡಲು

ಕೊಲೆಗಾರನನ್ನ ಮೊದಲೇ ತೋರಿಸುವ ಮಾತು ಬಂತಲ್ಲ, ಈ ಸಲ ತಮಾಷೆ ಅಲ್ಲ. 2023ರಲ್ಲಿ ‘ದಹಾಡ್’ ಅಂತ ಹಿಂದಿ ಸೀರೀಸ್ ಬಂತು. ಕಥೆ ರಾಜಸ್ಥಾನದ್ದು, ಆದರೆ ನೋಡುವಾಗ ನಮ್ಮ ಜಿಲ್ಲೆಯವರಿಗೆ ಬೇರೇನೋ ನೆನಪಾಗುತ್ತೆ. ಸಯನೈಡ್ ಮೋಹನನ ಪ್ರಕರಣ. ಶಿಕ್ಷಕನಾಗಿದ್ದವನು. ವರದಕ್ಷಿಣೆ ಇಲ್ಲದೆ ಮದುವೆ ಆಗ್ತೇನೆ ಅಂತ ಬಡ ಮನೆಯ ಹುಡುಗಿಯರನ್ನ ನಂಬಿಸಿ ಬೇರೆ ಊರಿನ ಲಾಡ್ಜಿಗೆ ಕರೆದುಕೊಂಡು ಹೋಗುವುದು. ಮಾರನೇ ದಿನ ಗರ್ಭ ನಿಲ್ಲದ ಮಾತ್ರೆ ಅಂತ ಸಯನೈಡ್ ಕೊಡುವುದು. ಹೆಣ ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ. 2003ರಿಂದ 2009ರವರೆಗೆ ಇಪ್ಪತ್ತು ಹೆಣ್ಣುಮಕ್ಕಳು.

ನನಗೆ ನಿದ್ದೆ ಕೆಡಿಸುವುದು ಅವನಲ್ಲ. ಹೆಣ ಸಿಕ್ಕಿದ್ದು ಒಂದೊಂದು ಊರಿನಲ್ಲಿ. ಒಂದೊಂದು ಠಾಣೆಯಲ್ಲೂ ಅಸಹಜ ಸಾವು ಅಂತ ಒಂದು ಕಡತ. ಒಂದರ ಪಕ್ಕ ಇನ್ನೊಂದನ್ನ ಇಟ್ಟು ನೋಡಿದವರು ಆರು ವರ್ಷ ಯಾರೂ ಇರಲಿಲ್ಲ. ‘ದಹಾಡ್’ನಲ್ಲಿ ಗಟ್ಟಿ ಇರುವುದೂ ಅದೇ ಭಾಗ. ಮಗಳು ಯಾರ ಜೊತೆಗೋ ಹೋದಳು, ದೂರು ಕೊಟ್ಟರೆ ಮರ್ಯಾದೆ ಹೋಗುತ್ತೆ ಅಂತ ಸುಮ್ಮನಾಗುವ ಮನೆಯವರು. ಮತ್ತೆ ಆ ಸಬ್ ಇನ್‌ಸ್ಪೆಕ್ಟರ್ ದಲಿತ ಹೆಂಗಸು ಅಂತ, ಅವಳು ನಡೆದುಹೋದರೆ ಠಾಣೆಯಲ್ಲೇ ಒಬ್ಬ ಊದುಬತ್ತಿ ಹಚ್ಚುವುದು. ಮಾತೇ ಇಲ್ಲದ ಎರಡು ಸೆಕೆಂಡಿನ ಸೀನ್. ಎಂಟು ಎಪಿಸೋಡ್ ಜಾಸ್ತಿ ಆಯಿತು, ನಡುವೆ ಎಳೆದಿದ್ದಾರೆ. ಆದರೂ ಆ ಊದುಬತ್ತಿ ಮರೆಯುವುದಿಲ್ಲ.

ಯಾರ್ಕ್‌ಷೈರ್ ಕನ್ನಡತಿ

ಕಡಲು ಅವರೇ, ‘ಡೆಲ್ಲಿ ಕ್ರೈಂ’ ಮೊದಲ ಸೀಸನ್ ಬಗ್ಗೆ ನಿಮಗೇನನಿಸುತ್ತೆ? 2012ರ ನಿರ್ಭಯಾ ಘಟನೆಯನ್ನ ತೆರೆ ಮೇಲೆ ತೋರಿಸದೇ ಬಿಟ್ಟದ್ದು ಸರಿ ಅಂತ ನನಗನಿಸಿತು. 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಬಂದಾಗ ಇಲ್ಲಿ ಆಫೀಸಿನಲ್ಲೂ ಮಾತಾಡಿದರು.

ಕಟಪಾಡಿ ಕಡಲು

ತೋರಿಸದಿದ್ದದ್ದು ನೂರಕ್ಕೆ ನೂರು ಸರಿ. ಶೆಫಾಲಿ ಶಾ ಕಣ್ಣಿನಲ್ಲೇ ಎಲ್ಲ ಗೊತ್ತಾಗುತ್ತದಲ್ಲ. ಆದರೆ ಪೂರ್ತಿ ಪೊಲೀಸರ ಹೆಗಲ ಮೇಲಿಂದಲೇ ನೋಡಿದ ಕಥೆ ಅದು. ಹೊರಗೆ ಬೀದಿಯಲ್ಲಿ ಕೂಗುತ್ತಿದ್ದವರು ಯಾಕೆ ಕೂಗುತ್ತಿದ್ದರು ಅನ್ನುವುದು ಕಿಟಕಿಯ ಆಚೆ ಸದ್ದಾಗಿ ಉಳಿಯಿತು.

ಹಳೇ ರೈಟರ್

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಓದುತ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡೋದು ಕಲಿಸಿದಳು. ನಾನು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತಿ. ಠಾಣೆಯಲ್ಲಿ ಜಾಸ್ತಿ ವರ್ಷ ರೈಟರ್ ಕೆಲಸ. ಅಂದರೆ ಬರೆಯೋದು. ಟಿವಿಯಲ್ಲಿ ಎಲ್ಲ ಥರದ ಪೊಲೀಸರನ್ನೂ ನೋಡಿದೆ, ರೈಟರನ್ನ ಒಬ್ಬರೂ ತೋರಿಸಿಲ್ಲ.

ಒಂದು ಮಹಜರು ಹೇಳ್ತೀನಿ, ಅಂದರೆ ಕೊಲೆ ನಡೆದ ಜಾಗದಲ್ಲಿ ಕಂಡದ್ದನ್ನ ಸಾಕ್ಷಿಗಳ ಮುಂದೆ ಬರೆದುಕೊಳ್ಳೋದು. ತೊಂಬತ್ತರ ದಶಕದ ಕೊನೆ. ಒಂದು ವಠಾರದ ಹಿಂಬದಿ ರೂಮು. ಒಬ್ಬನ ಕೊಲೆ. ರಾತ್ರಿ ಎಂಟೂವರೆ, ಕರೆಂಟಿಲ್ಲ. ಪಂಚರು, ಅಂದರೆ ಸಹಿ ಹಾಕೋ ಸಾಕ್ಷಿಗಳು ಬೇಕಲ್ಲ, ಯಾರೂ ಬರಲ್ಲ. ಕೊನೆಗೆ ಎದುರು ಬೇಕರಿಯವನನ್ನೂ ಒಬ್ಬ ಆಟೋ ಡ್ರೈವರನ್ನೂ ಸಾಹೇಬರು ಒಪ್ಪಿಸಿದರು. ಒಬ್ಬರು ಟಾರ್ಚ್ ಹಿಡೀತಾರೆ, ಒಬ್ಬರು ಟೇಪ್ ಹಿಡೀತಾರೆ, ನಾನು ಮೊಣಕಾಲ ಮೇಲೆ ರಟ್ಟು ಇಟ್ಕೊಂಡು ಬರೀತೀನಿ. ರೂಮಿನ ಚಕ್ಕುಬಂದಿ, ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು. ಹೆಣದ ತಲೆ ಯಾವ ದಿಕ್ಕಿಗೆ. ಬಾಗಿಲಿಂದ ಎಷ್ಟು ಅಡಿ. ಒಂದು ಸ್ಟೀಲ್ ಚೊಂಬು, ಮಗುಚಿದ್ದು. ಬಾಟಾ ಚಪ್ಪಲಿ ಒಂದು ಕಾಲಿಂದು ಮಾತ್ರ. ಅಂಗಿ ಜೇಬಲ್ಲಿ ಒಂದು ರಸೀದಿ. ಬಿಡಿಸಿ ನೋಡಿದರೆ ಮಗಳ ಸ್ಕೂಲ್ ಫೀಸು ಕಟ್ಟಿದ್ದು, ಅವತ್ತಿನ ತಾರೀಕು. ಅದನ್ನೂ ಬರೆದೆ. ‘ಒಂದು ಶುಲ್ಕದ ರಸೀದಿ, ರಕ್ತದ ಕಲೆ ಇರುತ್ತದೆ’. ಆಮೇಲೆ ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗು ಕಾಯಿಸಿ ಸೀಲ್ ಹಾಕಿ, ಚೀಟಿ ಅಂಟಿಸಿ ಪಂಚರ ಸಹಿ. ಮುಗಿದಾಗ ರಾತ್ರಿ ಒಂದು ಗಂಟೆ. ಬೇಕರಿಯವನು ಅಂಗಡಿ ತೆಗೆದು ಎಲ್ಲರಿಗೂ ಒಂದೊಂದು ಬನ್ನು ಕೊಟ್ಟ.

ಸಿಐಡಿಯಲ್ಲಿ ಡಾಕ್ಟರ್ ಸಾಲುಂಖೆ ಒಂದು ಬಣ್ಣದ ನೀರಿಗೆ ಇನ್ನೊಂದು ಬಣ್ಣದ ನೀರು ಸುರಿದು ವಿಷದ ಹೆಸರು ಹೇಳ್ತಾರೆ. ನಮ್ಮಲ್ಲಿ ಒಳಗಿನ ಅಂಗಾಂಗಗಳನ್ನ ಉಪ್ಪುನೀರಿನ ಬಾಟಲಿಗೆ ಹಾಕಿ, ಸೀಲ್ ಮಾಡಿ, ಒಬ್ಬ ಕಾನ್‌ಸ್ಟೆಬಲ್ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬೆಂಗಳೂರಿನ ಎಫ್‌ಎಸ್‌ಎಲ್ ಅನ್ನೋ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗೋನು. ಪಕ್ಕದ ಸೀಟಿನವರು ‘ಏನ್ ಸಾರ್ ಉಪ್ಪಿನಕಾಯಾ’ ಅಂತ ಕೇಳಿದ್ದೂ ಉಂಟು. ವರದಿ ಬರೋಕೆ ತಿಂಗಳುಗಟ್ಟಲೆ. ಸಾವಿನ ಹೊತ್ತು ‘ರಾತ್ರಿ 10 ಗಂಟೆ 20 ನಿಮಿಷ’ ಅಂತ ಯಾವ ಡಾಕ್ಟರೂ ನನಗೆ ಬರೆದುಕೊಟ್ಟಿಲ್ಲ. ಇಷ್ಟರಿಂದ ಇಷ್ಟು ಗಂಟೆಯೊಳಗೆ ಅಂತಾರೆ ಅಷ್ಟೇ. ಟವರ್ ಲೊಕೇಶನ್ನೂ ಅಷ್ಟೇ ಗಿರಾಕಿ ಸರ್, ಒಂದು ಏರಿಯಾ ತೋರಿಸುತ್ತೆ, ಮನೆ ನಂಬರ್ ತೋರಿಸಲ್ಲ. ಮಲೆನಾಡಿನ ಕಡೆ ಒಂದು ಟವರು ಅಂದರೆ ಗುಡ್ಡಕ್ಕೆ ಗುಡ್ಡವೇ.

ಎಪಿಸೋಡ್ ಕೂಲಿ

ಸರ್, ನೀವು ಇಷ್ಟು ದಿನ ಎಲ್ಲಿದ್ದಿರಿ? ಆ ಉಪ್ಪಿನಕಾಯಿ ಸೀನ್ ನಾನು ಕದೀತೀನಿ, ಈಗಲೇ ಹೇಳಿಬಿಟ್ಟಿದ್ದೀನಿ. ‘ದ ವೈರ್’ ಅಂತ ಒಂದಿದೆ, 2002ರಿಂದ 2008, ಅಮೆರಿಕದ ಬಾಲ್ಟಿಮೋರ್ ಊರಿನದು. ಬರೆದವರಲ್ಲಿ ಒಬ್ಬರು ಅದೇ ಊರಿನ ಪತ್ರಿಕೆಯಲ್ಲಿ ಕ್ರೈಂ ವರದಿಗಾರ, ಇನ್ನೊಬ್ಬರು ಪತ್ತೇದಾರರಾಗಿ ಕೆಲಸ ಮಾಡಿದವರು. ಫೋನ್ ಕದ್ದು ಕೇಳೋಕೆ ಜಡ್ಜ್ ಅನುಮತಿ, ಅದಕ್ಕೆ ಕಾಗದ, ಆ ಕಾಗದಕ್ಕೆ ಮೇಲಿನವರ ಕಿರಿಕಿರಿ. ಮೊದಲ ಮೂರು ಎಪಿಸೋಡ್ ನಿದ್ದೆ ಬರುತ್ತೆ, ನಿಜ. ಆದರೆ ಅದು ನಿಮ್ಮಂಥ ರೈಟರ್‌ಗಳ ಸೀರಿಯಲ್.

ಹುಬ್ಬಳ್ಳಿ ಮಿರ್ಚಿ

ರೈಟರ್ ಸಾಹೇಬ್ರ, ಇಂಥಾದ್ದು ತೋರಿಸಿದ್ರ ನಾ ನೋಡ್ತೀನ್ರಿ. ಸೋತೆ. ಆದ್ರ ಕೊನಿಗೆ ಒಂದು ಏಟು ಇರ್ಲಿ, ಸಣ್ಣದು.

ಸಂಜೆ ಸೀರಿಯಲ್

ರೈಟರ್ ಅಂಕಲ್, ನಿಮ್ಮ ಪೋಸ್ಟನ್ನ ಅತ್ತೆಗೆ ಓದಿ ಹೇಳಿದೆ. ಫೀಸಿನ ರಸೀದಿ ಬಂದಾಗ ‘ನಿಲ್ಲಿಸು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆ ಹುಡುಗಿ ಏನಾದಳು ಅಂತ ಕೇಳು’ ಅಂದರು.

ಗಾಂಧಿಬಜಾರ್ ಗಿರಾಕಿ

ನನ್ನದೂ ಅದೇ ಪ್ರಶ್ನೆ ಸರ್. ಮತ್ತೆ ಕೇಸು ಏನಾಯ್ತು? ಶಿಕ್ಷೆ ಆಯ್ತಾ?

ಹಳೇ ರೈಟರ್

ಕೇಸು ಬಿದ್ದುಹೋಯ್ತು. ಆರು ವರ್ಷ ಆದ ಮೇಲೆ ಸಾಕ್ಷಿಗೆ ಬಂತು. ಆಟೋದವನು ಊರಲ್ಲೇ ಇರಲಿಲ್ಲ. ಬೇಕರಿಯವನು ಕಟಕಟೆಗೆ ಹತ್ತಿ ‘ಸಹಿ ನಂದೇ ಸ್ವಾಮಿ, ಏನು ಬರೆದಿದ್ರೋ ಓದಿಲ್ಲ’ ಅಂದುಬಿಟ್ಟ. ಅವನ ಹೆಂಡತಿ ಜೊತೆ ಯಾರೋ ಅಂಗಡಿ ಹತ್ತಿರ ಬಂದು ಮಾತಾಡಿ ಹೋಗಿದ್ದರು ಅಂತ ಆಮೇಲೆ ಗೊತ್ತಾಯ್ತು. ವಕೀಲರು ಹೇಳಿದ ಹಾಗೆ, ಆರೋಪಿ ಠಾಣೆಯಲ್ಲಿ ಎಲ್ಲ ಒಪ್ಪಿಕೊಂಡಿದ್ದ. ಅದನ್ನೂ ನಾನೇ ಬರೆದಿದ್ದೆ, ನಾಲ್ಕು ಪುಟ. ಪ್ರಯೋಜನಕ್ಕೆ ಬರಲಿಲ್ಲ. ಈಗ ಹೊಸ ಕಾನೂನಿನಲ್ಲಿ ಶೋಧ, ಜಪ್ತಿ ಎಲ್ಲ ವಿಡಿಯೋ ಮಾಡಬೇಕಂತೆ. ಆಗ ಇದ್ದಿದ್ದರೆ ಬೇಕರಿಯವನು ಟಾರ್ಚ್ ಹಿಡಿದು ನಿಂತಿದ್ದಾದರೂ ಕಾಣ್ತಿತ್ತು.

ಹುಡುಗಿ ವಿಷಯ ನನಗೆ ಪೂರ್ತಿ ಗೊತ್ತಿಲ್ಲಮ್ಮ. ಒಂದು ಸಲ ತಾಯಿ ಜೊತೆ ಠಾಣೆಗೆ ಬಂದಿದ್ದಳು, ಆ ರಸೀದಿ ಬೇಕಿತ್ತು. ಸ್ಕೂಲಲ್ಲಿ ಫೀಸು ಕಟ್ಟಿಲ್ಲ ಅಂತಿದ್ದರಂತೆ. ಅದು ಕೋರ್ಟಿನ ಮಾಲು, ಕೊಡೋಕೆ ಬರಲ್ಲ. ನಾನು ಒಂದು ಕಾಗದದಲ್ಲಿ ರಸೀದಿ ನಂಬರ್, ತಾರೀಕು, ಮೊತ್ತ ಬರೆದು, ಸಾಹೇಬರ ಸಹಿ, ಠಾಣೆ ಸೀಲ್ ಹಾಕಿಸಿ ಕೊಟ್ಟೆ.

ಬೇಕರಿ ಈಗಲೂ ಇದೆ. ಮಗ ನೋಡ್ಕೋತಾನೆ. ಅಪ್ಪ ಒಳಗೆ ಸ್ಟೂಲ್ ಮೇಲೆ ಕೂತಿರ್ತಾನೆ. ನಾನು ಹೋದರೆ ಮಾತಾಡಲ್ಲ, ತಲೆ ಎತ್ತಲ್ಲ. ಬನ್ನಿಗೆ ದುಡ್ಡು ತಗೋಬೇಡ ಅಂತ ಮಗನಿಗೆ ಕೈಸನ್ನೆ ಮಾಡ್ತಾನೆ. ನಾನು ಗಲ್ಲಾಪೆಟ್ಟಿಗೆ ಮೇಲೆ ದುಡ್ಡು ಇಟ್ಟು ಬರ್ತೀನಿ.